ಹಳೆಯ ಇಂಜಿನ್ನಿಗೆ ಹೊಸ ಬಣ್ಣ: ಮೊದಲು ಉಪ್ಪು ತೊಳೆಯಬೇಕು

(ಮಂಗಳೂರಿನಲ್ಲಿ ರೈಲು ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರೈಲು ಪ್ರಿಯರು ನಾಲ್ಕು ಮಂದಿ ಸೇರಿದ ಕಡೆ ಬಣ್ಣದ ಮಾತು ಬಾರದೆ ಇರುವುದಿಲ್ಲ. ಇಲ್ಲೇ ಪಡೀಲಿನ ತಿರುವಿನಲ್ಲಿ ಇಂಜಿನ್ನಿನ ಮೂತಿ ಕಂಡ ಕೂಡಲೇ ಅದು ಯಾವ ಶೆಡ್ಡಿನದು, ಅಂದರೆ ಇಂಜಿನ್‌ಗಳನ್ನು ನೋಡಿಕೊಳ್ಳುವ ಯಾವ ದುರಸ್ತಿ ಮನೆಯದು, ಕೃಷ್ಣರಾಜಪುರದ್ದೋ, ಎರ್ನಾಕುಲದ್ದೋ, ಹುಬ್ಬಳ್ಳಿಯದ್ದೋ ಎಂದು ಬಣ್ಣ ನೋಡಿಯೇ ಹೇಳುವವರು ಈ ಸಭೆಯಲ್ಲಿದ್ದೀರಿ. ಹಳೆಯ ಇಂಜಿನ್ ಒಂದು ವರ್ಕ್‌ಶಾಪಿಗೆ ಹೋಗಿ ಬಣ್ಣ ಬದಲಿಸಿಕೊಂಡು ಬಂದು ಪ್ಯಾಸೆಂಜರ್ ಗಾಡಿಗೆ ಕಟ್ಟಿಕೊಂಡಿತೆಂದರೆ ಒಬ್ಬರಿಗೆ ಸಂಭ್ರಮ, ಇನ್ನೊಬ್ಬರಿಗೆ ಬೇಜಾರು. ಮೊದಲಿನ ಬಣ್ಣವೇ ಚಂದ ಇತ್ತು ಎನ್ನುವವರು ಒಂದು ಕಡೆ, ಎಲ್ಲ ಇಂಜಿನ್ನೂ ಒಂದೇ ಥರ ಇದ್ದರೆ ಒಳ್ಳೆಯದು ಎನ್ನುವವರು ಇನ್ನೊಂದು ಕಡೆ, ಬಣ್ಣಕ್ಕೆ ಸುರಿದ ದುಡ್ಡನ್ನು ಯಂತ್ರಕ್ಕೆ ಹಾಕಬೇಕಿತ್ತು ಎನ್ನುವವರು ಮತ್ತೊಂದು ಕಡೆ. ಈ ವಾದಗಳೆಲ್ಲ ಬೇಕು. ಆದರೆ ಕರಾವಳಿಯಲ್ಲಿ ನಿಂತು ವಾದ ಮಾಡುವ ನಾವು ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಉಂಟು: ಬಣ್ಣ ಬಳಿಯುವ ಮುಂಚೆ ಆ ತಗಡಿನ ಮೇಲಿನ ಉಪ್ಪನ್ನು ತೊಳೆದಿದ್ದಾರೆಯೇ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಲೋಕಲ್ ಗಾಡಿಗೆಂದೇ ತಯಾರಾದ ಇಂಜಿನ್ ನಮ್ಮಲ್ಲಿ ಕಡಿಮೆ. ಅಮೆರಿಕದ ನಗರಗಳಲ್ಲಿ ಎಫ್40ಪಿಎಚ್ ಎಂಬ ಮಾದರಿ ಬೆಳಗ್ಗೆ ಸಂಜೆ ಓಡಾಡುವವರ ಗಾಡಿಗಳಿಗೆ ದಶಕಗಟ್ಟಲೆ ಹೆಗಲು ಕೊಟ್ಟಿತು. ನಮ್ಮಲ್ಲಿ ಎಕ್ಸ್‌ಪ್ರೆಸ್ ಎಳೆದು ದಣಿದ ಇಂಜಿನ್ ಕೊನೆಗೆ ಪ್ಯಾಸೆಂಜರ್ ಗಾಡಿಯ ಪಾಲಿಗೆ ಬರುತ್ತದೆ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಇಂಜಿನ್ ಎಲ್ಲರಿಗೂ ಗೊತ್ತು. 16 ಸಿಲಿಂಡರ್, 2,600 ಅಶ್ವಶಕ್ತಿ, ಸುಮಾರು 113 ಟನ್ ತೂಕ. ಡೀಸೆಲ್ ಇಂಜಿನ್ನಿನ ಆಯುಸ್ಸನ್ನು ರೈಲ್ವೆ 36 ವರ್ಷ ಎಂದು ಲೆಕ್ಕ ಹಾಕುತ್ತಿತ್ತು. ಅದರ ನಡುಮಧ್ಯೆ, 18 ವರ್ಷದ ಹೊತ್ತಿಗೆ, ಪಟಿಯಾಲಾದ ಕಾರ್ಖಾನೆಯಲ್ಲಿ ಇಡೀ ಇಂಜಿನ್ ಬಿಚ್ಚಿ ಮರುನಿರ್ಮಾಣ ಮಾಡುವ ಪದ್ಧತಿ ಬೆಳೆಯಿತು. ಎಷ್ಟೋ ಡಬ್ಲ್ಯುಡಿಎಂ-2ಗಳು ಹಾಗೆಯೇ 3,100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಆಗಿ ಹೊರಬಂದವು. ಇದು ನಿಜವಾದ ಮರುಜನ್ಮ. ಶೆಡ್ಡಿನ ಅಂಗಳದಲ್ಲಿ ನಿಲ್ಲಿಸಿ ಎರಡು ಕೈ ಬಣ್ಣ ಹೊಡೆಯುವುದು ಬೇರೆ. ನಮ್ಮ ಜಗಳಗಳಲ್ಲಿ ಅರ್ಧದಷ್ಟು ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಹುಟ್ಟುತ್ತವೆ.

ನಿಜವಾದ ಮರುನಿರ್ಮಾಣದಲ್ಲಿ ಸಿಲಿಂಡರ್ ಹೆಡ್, ಲೈನರ್, ಪಿಸ್ಟನ್ ಬದಲಾಗುತ್ತವೆ. ಸಿಲಿಂಡರುಗಳಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಬದಲಾಗುತ್ತದೆ. ರೇಡಿಯೇಟರ್ ಬಿಚ್ಚಿ ಒಳಗಿನ ಕೊಳವೆಗಳ ಹಿಟ್ಟುಕಟ್ಟಿದ ಸುಣ್ಣ ತೆಗೆಯುತ್ತಾರೆ. ಚಕ್ರ ತಿರುಗಿಸುವ ಟ್ರಾಕ್ಷನ್ ಮೋಟರಿನ ಸುರುಳಿಗಳಿಗೆ ಹೊಸ ಇನ್ಸುಲೇಷನ್. ಹಳೆಯ ರಬ್ಬರ್ ಹೊದಿಕೆಯ ವೈರು ಶಾಖಕ್ಕೆ ಬಿರಿದಿರುತ್ತದೆ, ಅದನ್ನು ಪೂರಾ ಕಿತ್ತು ಹೊಸದು ಎಳೆಯಬೇಕು. ರಿಲೇಗಳ ಜಾಗಕ್ಕೆ ಮೈಕ್ರೋಪ್ರೊಸೆಸರ್ ನಿಯಂತ್ರಣ ಬರುತ್ತದೆ. ಗಾಡಿ ತಾಸುಗಟ್ಟಲೆ ನಿಂತಾಗ ದೊಡ್ಡ ಇಂಜಿನ್ ಆರಿಸಿ ಬ್ಯಾಟರಿ ಮತ್ತು ಗಾಳಿಯ ಒತ್ತಡ ಕಾಯ್ದುಕೊಳ್ಳಲು ಒಂದು ಪುಟ್ಟ ಸಹಾಯಕ ಇಂಜಿನ್ ಕೂಡ ಸೇರಬಹುದು. ಲೋಕಲ್ ಗಾಡಿಯ ಇಂಜಿನ್ನಿಗೆ ಈ ಕೊನೆಯದು ದೊಡ್ಡ ಉಳಿತಾಯ, ಏಕೆಂದರೆ ಅದರ ದಿನದ ಬಹುಪಾಲು ಹೋಗುವುದು ನಿಲ್ದಾಣದಲ್ಲಿ ಕಾಯುವುದರಲ್ಲಿ.

ಹೊರಗಿನಿಂದ ನೋಡುವವರಿಗೆ ಒಳಗಿನ ಕೆಲಸ ಹೇಗೆ ತಿಳಿಯಬೇಕು? ಹೊಗೆ ನೋಡಿ. ಆಲ್ಕೋ ಹೊರಡುವಾಗ ಕಪ್ಪು ಹೊಗೆ ಉಗುಳುವುದು ಅದರ ಹುಟ್ಟುಗುಣ. ಲೋಕೋ ಪೈಲಟ್ ನಾಚ್, ಅಂದರೆ ಶಕ್ತಿಯ ಹಂತ, ಏರಿಸಿದ ಕೂಡಲೇ ಗವರ್ನರ್ ಎಂಬ ನಿಯಂತ್ರಕ ಹೆಚ್ಚು ಡೀಸೆಲ್ ಕೊಡುತ್ತದೆ, ಟರ್ಬೋ ವೇಗ ಹಿಡಿದು ಗಾಳಿ ಕೊಡಲು ಕೆಲವು ಸೆಕೆಂಡು ಬೇಕು, ನಡುವಿನ ಆ ಹೊತ್ತಿನಲ್ಲಿ ಸುಡದೆ ಉಳಿದ ಇಂಧನ ಮಸಿಯಾಗಿ ಬರುತ್ತದೆ. ಅದು ಬೇಗ ತಿಳಿಯಾಗಬೇಕು. ಒಂದೇ ನಾಚ್‌ನಲ್ಲಿ ಸಮವಾಗಿ ಓಡುವಾಗಲೂ ಕಪ್ಪು ಹೊಗೆ ಬರುತ್ತಲೇ ಇದ್ದರೆ ಇಂಜೆಕ್ಟರ್ ನಾಝಲ್ ಸವೆದಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಟರ್ಬೋ ಸೋತಿದೆ. ಹೊಳೆಯುವ ಬಣ್ಣದ ಮೇಲೆ ಅಂಥ ಹೊಗೆ ಕಂಡರೆ ಆ "ನವೀಕರಣ" ಎಷ್ಟು ಆಳದ್ದು ಎಂದು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ನೀಲಿ ಹೊಗೆಯಾದರೆ ಲೂಬ್ ಆಯಿಲ್ ಸುಡುತ್ತಿದೆ, ಅಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೋ ಸೀಲ್ ನೋಡಬೇಕು.

ಎಫ್40ಪಿಎಚ್‌ನ ಮಾತು ಬಂತಲ್ಲ, ಅದರಲ್ಲೊಂದು ಪಾಠ ಉಂಟು. ಬೋಗಿಗಳ ದೀಪ, ಎ.ಸಿ.ಗೆ ಬೇಕಾದ 60 ಹರ್ಟ್ಸ್ ವಿದ್ಯುತ್ತನ್ನು ಅದು ಮುಖ್ಯ ಇಂಜಿನ್ನಿನಿಂದಲೇ ತೆಗೆಯುತ್ತಿತ್ತು. ಅದಕ್ಕಾಗಿ ನಿಲ್ದಾಣದಲ್ಲಿ ನಿಂತಿದ್ದರೂ ಇಂಜಿನ್ ನಿಮಿಷಕ್ಕೆ 893 ಸುತ್ತು ತಿರುಗುತ್ತಲೇ ಇರಬೇಕಿತ್ತು. ಹತ್ತಿರದ ಮನೆಯವರಿಗೆ ತಲೆನೋವು, ಇಂಜಿನ್ನಿಗೆ ವೃಥಾ ಸವೆತ. ಎಷ್ಟೋ ಇಂಜಿನ್‌ಗಳನ್ನು ಮರುನಿರ್ಮಿಸುವಾಗ ಆ ವಿದ್ಯುತ್ತಿಗೆ ಬೇರೆಯದೇ ಜನರೇಟರ್ ಕೂರಿಸಿದ್ದು ಇದಕ್ಕೇ. ಬಣ್ಣದ ಬಗ್ಗೆ ಎಷ್ಟೇ ಕಿತ್ತಾಡಿದರೂ ಹಳೆಯದನ್ನು ಉಳಿಸುವುದಾದರೆ ಇಂಥ ದೋಷ ತಿದ್ದಿ ಉಳಿಸಬೇಕು. ಷಿಕಾಗೋದ ಮೆಟ್ರಾ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೂಡ್ಸ್ ಎಳೆಯುತ್ತಿದ್ದ ಹಳೆಯ ಎಸ್‌ಡಿ70ಮ್ಯಾಕ್ ಇಂಜಿನ್‌ಗಳನ್ನು ಪ್ರಯಾಣಿಕರ ಗಾಡಿಗೆ ತಕ್ಕಂತೆ ಮಾರ್ಪಡಿಸಲು 2019ರಲ್ಲಿ ಒಪ್ಪಿತು. ಮೊದಲ ಕಂತಿನಲ್ಲಿ 15 ಇಂಜಿನ್. ನಮಗೆ ಇದು ದೂರದ ಸುದ್ದಿಯಲ್ಲ. ಶಿರಾಡಿ ಘಾಟಿಯ 50ಕ್ಕೆ 1ರ ಏರಿನಲ್ಲಿ (50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ) ನಾವು ನೋಡಿದ ಡಬ್ಲ್ಯುಡಿಜಿ-4 ಎಂಬ ಗೂಡ್ಸ್ ಡೀಸೆಲ್ ಇಂಜಿನ್ ಅದೇ ಮನೆತನದ್ದು: ಅದೇ 710 ಸರಣಿಯ 16 ಸಿಲಿಂಡರ್ ಇಂಜಿನ್, ಅದೇ 4,000 ಅಶ್ವಶಕ್ತಿ, ಅದೇ ಪರ್ಯಾಯ ವಿದ್ಯುತ್ತಿನ ಮೋಟರು. ಅಲ್ಲಿ ಗೂಡ್ಸ್ ಇಂಜಿನ್ ಪ್ರಯಾಣಿಕರ ಗಾಡಿಗೆ ಒಗ್ಗಿದರೆ ಇಲ್ಲಿ ಒಗ್ಗಬಾರದೆಂದೇನೂ ಇಲ್ಲ.

ನಮ್ಮಲ್ಲೂ ದಿಟ್ಟ ಪ್ರಯೋಗ ನಡೆದಿದೆ. ವಾರಾಣಸಿಯಲ್ಲಿ 2017ರ ಡಿಸೆಂಬರಿನಿಂದ 2018ರ ಫೆಬ್ರವರಿಯೊಳಗೆ, 69 ದಿನಗಳಲ್ಲಿ, ಆಲ್ಕೋ ಮಾದರಿಯ ಎರಡು ಡೀಸೆಲ್ ಇಂಜಿನ್‌ಗಳನ್ನು 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಇಂಜಿನ್ನಾಗಿ ಪರಿವರ್ತಿಸಿದರು. ಆಲ್ಕೋ ಪ್ರಿಯರಲ್ಲಿ ಆಗ ಎರಡು ಗುಂಪಾಯಿತು. ಒಳಗಿನ ಡೀಸೆಲ್ ಯಂತ್ರವನ್ನೇ ತೆಗೆದ ಮೇಲೆ ಅದು ಆಲ್ಕೋ ಹೇಗಾದೀತು ಎಂದವರೂ ಇದ್ದರು, ಗುಜರಿಗೆ ಹೋಗುವ ಚೌಕಟ್ಟು ಉಳಿಯಿತಲ್ಲ ಎಂದು ಸಮಾಧಾನಪಟ್ಟವರೂ ಇದ್ದರು. ಪ್ರಯೋಗ ಕೆಲವೇ ಇಂಜಿನ್‌ಗಳಿಗೆ ನಿಂತಿತು.

ಇನ್ನು ಹೊರಮೈಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಒಂದು ಬಾಗಿಲನ್ನು ಹತ್ತಿರದಿಂದ ನೋಡಿ. ಡೀಸೆಲ್ ಇಂಜಿನ್ನಿನ ಉದ್ದ ಮೂತಿಯ ಎರಡೂ ಪಕ್ಕದಲ್ಲಿ ಸಾಲಾಗಿ ಬಾಗಿಲುಗಳಿರುತ್ತವೆ. ಹೊರಗಿನ ತಗಡಿಗೆ ಒಳಗಿನಿಂದ ಒಂದು ಚೌಕಟ್ಟು ಕೂರಿಸಿ ಅಲ್ಲಲ್ಲಿ ವೆಲ್ಡ್ ಹಾಕಿರುತ್ತಾರೆ. ಎರಡು ವೆಲ್ಡ್‌ಗಳ ನಡುವೆ ಕೂದಲೆಳೆಯಷ್ಟು ಸಂದು. ಮಳೆನೀರು ಬಾಗಿಲಿನ ಮೈಯಿಂದ ಇಳಿದು ಕೆಳ ಅಂಚಿಗೆ ಬಂದು ಆ ಸಂದಿನೊಳಗೆ ಮೇಲಕ್ಕೆ ಹೀರಿಕೊಳ್ಳುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮುಂದಿನ ಸಲ ಗಾಳಿಯ ತೇವವೇ ಸಾಕು, ಉಪ್ಪು ಅದನ್ನು ಎಳೆದುಕೊಂಡು ಒಳಗೇ ಒದ್ದೆಯಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ತಗಡು ಚೌಕಟ್ಟಿನಿಂದ ಬಿಟ್ಟು ಉಬ್ಬುತ್ತದೆ. ಹೊರಗೆ ಕಾಣುವುದು ಬಾಗಿಲಿನ ಕೆಳಗಿನ ಎರಡು ಬೆರಳಗಲದಲ್ಲಿ ಬಣ್ಣದ ಮೇಲೆ ಸಣ್ಣ ಗುಳ್ಳೆಗಳ ಸಾಲು, ಅದರಿಂದ ಇಳಿದ ಕಂದು ಗೆರೆ. ಇದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಮತ್ತೆ ಎದ್ದೇ ಏಳುತ್ತದೆ. ಸರಿಯಾದ ಕೆಲಸ ಎಂದರೆ ಕೊಳೆತ ಪಟ್ಟಿಯನ್ನು ಕತ್ತರಿಸಿ ಹೊಸ ತಗಡು ಕೂರಿಸುವುದು, ಸಂದು ಬಿಡದಂತೆ ಉದ್ದಕ್ಕೂ ವೆಲ್ಡ್ ಮಾಡುವುದು ಅಥವಾ ಸೀಲೆಂಟ್ ತುಂಬುವುದು, ಕೊನೆಗೆ ಕೆಳ ಅಂಚಿನಲ್ಲಿ ನೀರು ಹೋಗುವ ತೂತು ತೆರೆದಿದೆಯೇ ಎಂದು ತಂತಿ ತೂರಿಸಿ ನೋಡುವುದು.

ಈ ನೀರಿನ ತೂತುಗಳನ್ನು ಮುಚ್ಚುವುದು ಎಷ್ಟೋ ಸಲ ಬಣ್ಣವೇ! ಐದಾರು ಸಲ ಬಳಿದ ಬಣ್ಣ ದಪ್ಪವಾಗಿ ತೂತಿನ ಬಾಯಿ ಕಟ್ಟಿ, ಬಾಗಿಲಿನ ತಳ, ಮೆಟ್ಟಿಲಿನ ಮೂಲೆ, ಬ್ಯಾಟರಿ ಪೆಟ್ಟಿಗೆಯ ಅಡಿ ಎಲ್ಲ ನೀರಿನ ತೊಟ್ಟಿಯಾಗುತ್ತವೆ. ಮರಳಿನ ಪೆಟ್ಟಿಗೆಯ ಹಿಂಬದಿ, ಕಿಟಕಿ ಗಾಜಿನ ರಬ್ಬರ್ ಕೂರುವ ಚಡಿ, ನಂಬರ್ ಬೋರ್ಡಿನ ಹಿಂದು, ಕ್ಯಾಬಿನ ನೆಲಹಾಸಿನ ಅಡಿ, ಇವು ಇಂಜಿನ್ ಕೊಳೆಯಲು ಶುರುವಾಗುವ ಉಳಿದ ಜಾಗಗಳು. ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ಅಳೆದು, ತಗಡು ಮೂಲ ದಪ್ಪದ ಕಾಲುಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಪುಟ್ಟಿಯ ಯೋಚನೆ ಬಿಟ್ಟು ತಗಡು ಬದಲಿಸುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ತಗಡಿನ ಕೆಲಸ ಮುಗಿದ ಮೇಲೆ ತೊಳೆಯುವ ಕೆಲಸ. ಇಲ್ಲಿ ಕ್ರಮ ತಪ್ಪಬಾರದು. ಮೊದಲು ಎಣ್ಣೆ, ಗ್ರೀಸು ತೆಗೆಯಬೇಕು, ಆಮೇಲೆ ಸಿಹಿನೀರಿನ ಜೋರಿನಲ್ಲಿ ಉಪ್ಪು ತೊಳೆಯಬೇಕು, ಅದು ಒಣಗಿದ ಮೇಲಷ್ಟೇ ಗ್ರಿಟ್ (ಚೂಪಾದ ಗಟ್ಟಿ ಹರಳು) ಗಾಳಿಯ ಜೋರಿನಲ್ಲಿ ಹೊಡೆದು ತುಕ್ಕು, ಹಳೆ ಬಣ್ಣ ಬಿಡಿಸಬೇಕು. ಎಣ್ಣೆ ಇದ್ದಂತೆಯೇ ಗ್ರಿಟ್ ಹೊಡೆದರೆ ಎಣ್ಣೆ ತಗಡಿನ ಒರಟಿನೊಳಗೆ ಇನ್ನಷ್ಟು ಇಳಿಯುತ್ತದೆ. ಮೇಲೆ ಬಂದ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿನ ಬಾಗಿಲ ಸಂದುಗಳಿಂದ ಎಣ್ಣೆ ಜಿನುಗುತ್ತಲೇ ಇರುವುದರಿಂದ ಈ ದೋಷ ಸಾಮಾನ್ಯ. ಹೊಳಪು ಬಂದ ಬರಿಯ ಕಬ್ಬಿಣ, ಅದರಲ್ಲಿ 50ರಿಂದ 75 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಒರಟು, ಇಷ್ಟಿದ್ದರೆ ಎಪಾಕ್ಸಿ ಪ್ರೈಮರ್ ಎಂಬ ಅಡಿಬಣ್ಣ ಗಟ್ಟಿಯಾಗಿ ಕಚ್ಚುತ್ತದೆ. ಹಳೆಯ ಬಣ್ಣದಲ್ಲಿ ಸೀಸ, ಕ್ರೋಮೇಟು ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಒಣ ಉಜ್ಜು ಮಾಡಿ ಧೂಳೆಬ್ಬಿಸಬಾರದು.

ಉಪ್ಪು ಹೋಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೊಂದು ಪರೀಕ್ಷೆ ಉಂಟು. ಅಂಟಿರುವ ಪುಟ್ಟ ಪಟ್ಟಿಯೊಂದನ್ನು ತಗಡಿಗೆ ಅಂಟಿಸಿ, ಸಿರಿಂಜಿನಲ್ಲಿ ಅದರೊಳಗೆ ಭಟ್ಟಿ ಇಳಿಸಿದ ನೀರು ಬಿಟ್ಟು, ಹಿಂದೆ ಮುಂದೆ ಆಡಿಸಿ, ಹೊರತೆಗೆದ ನೀರಿನ ವಿದ್ಯುತ್ ವಾಹಕತೆ ಅಳೆಯುವುದು. ಹಡಗಿನ ಟ್ಯಾಂಕುಗಳಿಗೆ ಬಣ್ಣ ಹಾಕುವಾಗ ಚದರ ಮೀಟರಿಗೆ 50 ಮಿಲಿಗ್ರಾಂ ಉಪ್ಪು ಮೀರಬಾರದೆಂಬ ಮಿತಿ ಇದೆ. ಸಮುದ್ರದ ಪಕ್ಕದಲ್ಲೇ ಓಡುವ ಇಂಜಿನ್ನಿಗೂ ಅದೇ ಮಿತಿ ಇಟ್ಟುಕೊಂಡರೆ ತಪ್ಪಿಲ್ಲ. ಉಪ್ಪು ಉಳಿದರೆ ಏನಾಗುತ್ತದೆ? ಬಣ್ಣದ ಪೊರೆ ಪ್ಲಾಸ್ಟಿಕ್ಕಿನಂತೆ ಕಂಡರೂ ನೀರಿನ ಆವಿ ಅದರೊಳಗೆ ನಿಧಾನವಾಗಿ ತೂರುತ್ತದೆ. ಅಡಿಯಲ್ಲಿ ಉಪ್ಪಿದ್ದರೆ ನೀರನ್ನು ಕರೆದು ಕೂರಿಸಿಕೊಳ್ಳುತ್ತದೆ. ಆಗ ಏಳುವುದೇ ಗುಳ್ಳೆ. ಮಲ್ಪೆ ದಕ್ಕೆಯಲ್ಲಿ ದೋಣಿಗೆ ಬಣ್ಣ ಹೊಡೆಯುವವರಿಗೆ ಈ ಸತ್ಯ ಬಾಯಿಪಾಠ. ಸಿಹಿನೀರಿನಲ್ಲಿ ತೊಳೆಯದ ಮೈಗೆ ಅವರು ಬ್ರಷ್ ಮುಟ್ಟಿಸುವುದಿಲ್ಲ.

ಹವೆಯೂ ಒಪ್ಪಬೇಕು. ಬಣ್ಣದ ಕೆಲಸಕ್ಕೆ ಎರಡು ನಿಯಮ: ಗಾಳಿಯ ತೇವಾಂಶ ಶೇ. 85 ಮೀರಬಾರದು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮೂರಿನಲ್ಲಿ ಇದರ ಅರ್ಥವೇನೆಂದು ಲೆಕ್ಕ ಹಾಕಿ ನೋಡೋಣ. ಮಳೆಗಾಲದ ಒಂದು ಬೆಳಗ್ಗೆ ಗಾಳಿ 28 ಡಿಗ್ರಿ, ತೇವಾಂಶ ಶೇ. 90 ಎಂದಿಟ್ಟುಕೊಳ್ಳಿ. ಇಬ್ಬನಿ ಬಿಂದು 26ರ ಆಸುಪಾಸು. ತಗಡು 29 ಡಿಗ್ರಿಗಿಂತ ಬಿಸಿ ಇರಬೇಕು, ಆದರೆ ರಾತ್ರಿಯಿಡೀ ತಣಿದ ಕಬ್ಬಿಣ 25ರಲ್ಲಿರುತ್ತದೆ. ಕೈಯಿಂದ ಮುಟ್ಟಿದರೆ ಒಣಗಿದಂತೆಯೇ ತೋರಬಹುದು, ಆದರೂ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಇರುತ್ತದೆ. ಎಪಾಕ್ಸಿಯ ಮೇಲೆ ಆಗ ಜಿಡ್ಡಿನಂಥ ಬಿಳಿ ಪೊರೆ ಏಳುತ್ತದೆ, ಅದನ್ನು ತೊಳೆಯದೆ ಮುಂದಿನ ಬಣ್ಣ ಹಾಕಿದರೆ ಹಾಳೆ ಹಾಳೆಯಾಗಿ ಸುಲಿಯುತ್ತದೆ. ಜಡಿಮಳೆಯ ಆಟಿ ತಿಂಗಳಲ್ಲಿ ಬಯಲಿನಲ್ಲಿ ಇಂಜಿನ್ನಿಗೆ ಬಣ್ಣ ಹೊಡೆಯುವುದೆಂದರೆ ಬಣ್ಣವನ್ನು ನೀರಿಗೆ ಸುರಿದಂತೆ. ಮುಚ್ಚಿದ, ಬಿಸಿಗಾಳಿಯ ಬೂತ್ ಇದ್ದರೆ ಮಾತ್ರ ಸಾಧ್ಯ. ಇಲ್ಲದಿದ್ದರೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ಎಷ್ಟು ಬಣ್ಣ ಬೇಕು ಎಂದು ಹಲವರು ಕೇಳುತ್ತೀರಿ. ಡಬ್ಲ್ಯುಡಿಎಂ-2ರ ಉದ್ದ ಸುಮಾರು 17 ಮೀಟರ್. ಎರಡು ಪಕ್ಕ, ಎರಡು ತುದಿ, ಮೇಲ್ಭಾಗ ಸೇರಿಸಿ 150 ಚದರ ಮೀಟರ್ ಹಿಡಿಯೋಣ. ಲೆಕ್ಕದ ಸೂತ್ರ ಸುಲಭ: ಬಣ್ಣದಲ್ಲಿರುವ ಘನಾಂಶದ ಶೇಕಡಾವನ್ನು 10ರಿಂದ ಗುಣಿಸಿ, ಬೇಕಾದ ಒಣ ದಪ್ಪದ ಮೈಕ್ರಾನಿನಿಂದ ಭಾಗಿಸಿದರೆ ಒಂದು ಲೀಟರು ಎಷ್ಟು ಚದರ ಮೀಟರಿಗೆ ಬರುತ್ತದೆಂದು ಸಿಗುತ್ತದೆ. ಶೇ. 60 ಘನಾಂಶದ ಪ್ರೈಮರನ್ನು 75 ಮೈಕ್ರಾನ್ ಹಾಕಬೇಕಾದರೆ ಲೀಟರಿಗೆ 8 ಚದರ ಮೀಟರ್, ಅಂದರೆ 19 ಲೀಟರ್. ಸ್ಪ್ರೇ ಮಾಡಿದ್ದರಲ್ಲಿ ಶೇ. 40 ಗಾಳಿಗೆ ಹಾರಿ ಹೋಗುತ್ತದೆಂದು ಹಿಡಿದರೆ 31 ಲೀಟರ್ ತರಿಸಬೇಕು. ಮೇಲಿನ ಪಾಲಿಯುರೆಥೇನ್ ಬಣ್ಣ ಶೇ. 50 ಘನಾಂಶ, 50 ಮೈಕ್ರಾನ್ ಎಂದರೆ ಲೀಟರಿಗೆ 10 ಚದರ ಮೀಟರ್, ನಷ್ಟ ಸೇರಿ ಒಂದು ಕೈಗೆ 25 ಲೀಟರ್. ಮೇಲಿನ ಪದರಕ್ಕೂ ಎಪಾಕ್ಸಿಯನ್ನೇ ಹಾಕಿ ದುಡ್ಡು ಉಳಿಸುವ ಆಸೆ ಬೇಡ, ಬಿಸಿಲಿಗೆ ಅದು ಸುಣ್ಣದಂತೆ ಪುಡಿಯಾಗುತ್ತದೆ. ಪಾಲಿಯುರೆಥೇನ್ ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ ಬೇಕೇ ಬೇಕು. ಅದರ ಗಟ್ಟಿಕಾರಕದ ಆವಿ ಶ್ವಾಸಕೋಶವನ್ನು ಕೆಡಿಸುತ್ತದೆ, ಮೂಗಿಗೆ ಬಟ್ಟೆ ಕಟ್ಟಿದರೆ ಏನೂ ಆಗದು.

ಮುಚ್ಚಬೇಕಾದದ್ದನ್ನು ಮುಚ್ಚದಿದ್ದರೂ ಕೆಲಸ ಕೆಡುತ್ತದೆ. ಭೂಸಂಪರ್ಕದ ತಾಮ್ರದ ಪಟ್ಟಿ ಕೂರುವ ಜಾಗಕ್ಕೆ ಬಣ್ಣ ತಗಲಿದರೆ ವಿದ್ಯುತ್ತಿಗೆ ದಾರಿಯಿಲ್ಲ. ಬ್ರೇಕ್ ಸಿಲಿಂಡರಿನ ರಾಡ್, ರಬ್ಬರ್ ಗ್ಯಾಸ್ಕೆಟ್, ಮರಳಿನ ಕೊಳವೆಯ ಬಾಯಿ, ಹಾರ್ನ್ ಮುಚ್ಚಿಕೊಳ್ಳಬೇಕು. ಡಬ್ಲ್ಯುಎಪಿ-4ರಂಥ ವಿದ್ಯುತ್ ಇಂಜಿನ್ನಿನಲ್ಲಿ ಪಕ್ಕದ ಗಾಳಿ ಜಾಲರಿಗಳಿಗೆ ಬಣ್ಣ ಕಟ್ಟಿದರೆ ಒಳಗಿನ ಯಂತ್ರಗಳಿಗೆ ತಂಪುಗಾಳಿ ಕಡಿಮೆಯಾಗುತ್ತದೆ. ಮೇಲ್ಛಾವಣಿಯಲ್ಲಿ 25,000 ವೋಲ್ಟ್ ಹೊರುವ ಪಿಂಗಾಣಿ ಇನ್ಸುಲೇಟರುಗಳ ಮೇಲೆ ಒಂದು ಹನಿಯೂ ಬೀಳಬಾರದು, ಉಪ್ಪುಗಾಳಿಗೆ ಅವು ಮೊದಲೇ ನಲುಗಿರುತ್ತವೆ.

ಈಗ ಬಣ್ಣದ ಜಗಳಕ್ಕೆ ಬರಬಹುದು. ಹಳೆಯ ಬಣ್ಣವೇ ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಬ್ರಿಟನ್ನಿನ 43002 ಸಂಖ್ಯೆಯ ವೇಗದ ಡೀಸೆಲ್ ಪವರ್ ಕಾರನ್ನು (ಗಾಡಿಯ ತುದಿಯಲ್ಲಿರುವ ಇಂಜಿನ್) 2016ರಲ್ಲಿ ಅದು ಸೇವೆಗೆ ಬಂದ ಕಾಲದ ನೀಲಿ ಹಳದಿಗೆ ತಂದು, ಅದರ ಮೂತಿಯನ್ನು ವಿನ್ಯಾಸ ಮಾಡಿದ ಸರ್ ಕೆನೆತ್ ಗ್ರೇಂಜ್ ಅವರ ಹೆಸರನ್ನೇ ಇಟ್ಟು ಓಡಿಸಿದರು. ಆಮೇಲೆ ಅದು ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಸೇರಿತು. ಮ್ಯೂಸಿಯಂಗೆ ಹೋಗುವ ಮುಂಚೆ ದಿನನಿತ್ಯದ ಗಾಡಿಯಲ್ಲಿ ಜನ ಅದನ್ನು ಕಂಡರು, ಹತ್ತಿದರು. ಇದು ನಮಗೂ ಒಪ್ಪುವ ದಾರಿ. ಆದರೆ "ಮೂಲ ಬಣ್ಣ" ಯಾವುದು? 30 ವರ್ಷ ಓಡಿದ ಇಂಜಿನ್ ಏಳೆಂಟು ಸಲ ಬಣ್ಣ ಬದಲಿಸಿರುತ್ತದೆ. ಹಳೆಯ ಫೋಟೋ ನಂಬಿದರೆ ಮೋಸ, ಏಕೆಂದರೆ ಹಳೆಯ ಬಣ್ಣದ ಪ್ರಿಂಟ್ ಕೆಂಪಿಗೆ ತಿರುಗಿರುತ್ತದೆ. ನಂಬಬಹುದಾದ ಸಾಕ್ಷಿ ಇಂಜಿನ್ನಿನ ಮೈಯಲ್ಲೇ ಉಂಟು. ಬಿಸಿಲು ತಾಗದ ಜಾಗ ಹುಡುಕಬೇಕು, ಉದಾಹರಣೆಗೆ ನಂಬರ್ ಬೋರ್ಡಿನ ಹಿಂದೆ. ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗವನ್ನು 400, 600, 800ರ ಮರಳು ಕಾಗದದಿಂದ, ನೀರು ಹಾಕುತ್ತಾ, ನಡುವೆ ಆಳವಾಗಿ ಅಂಚಿನಲ್ಲಿ ತೆಳುವಾಗಿ ಉಜ್ಜುತ್ತಾ ಹೋದರೆ ಮರದ ಉಂಗುರದಂತೆ ಒಂದೊಂದು ಕಾಲದ ಬಣ್ಣವೂ ಬಳೆ ಬಳೆಯಾಗಿ ತೆರೆದುಕೊಳ್ಳುತ್ತದೆ. ನಡುವಿನದು ಕಾರ್ಖಾನೆಯ ಪ್ರೈಮರ್, ಅದರ ಸುತ್ತ ಮೊದಲ ಬಣ್ಣ. ನೆರಳಿನ ಹಗಲು ಬೆಳಕಿನಲ್ಲಿ ಬಣ್ಣದ ಕಾರ್ಡಿನ ಪಕ್ಕ ಹಿಡಿದು ಗುರುತು ಹಾಕಿಕೊಳ್ಳಬೇಕು. ಗ್ರಿಟ್ ಹೊಡೆದು ಎಲ್ಲ ಬಿಡಿಸುವ ಮುಂಚೆ ಈ ಕೆಲಸ ಆಗದಿದ್ದರೆ ಆ ಇಂಜಿನ್ನಿನ ಬಣ್ಣದ ಚರಿತ್ರೆ ಅಲ್ಲಿಗೆ ಮುಗಿಯಿತು. ವರ್ಕ್‌ಶಾಪುಗಳನ್ನು ರೈಲು ಪ್ರಿಯರು ಒಂದೇ ಒಂದು ಬೇಡಿಕೆ ಇಟ್ಟು ಕೇಳುವುದಾದರೆ ಇದನ್ನೇ ಕೇಳಲಿ ಎನ್ನುವಷ್ಟು ನಮಗೆ ಇದು ಮುಖ್ಯ.

ಎಲ್ಲ ಕಡೆ ಒಂದೇ ಬಣ್ಣ ಎನ್ನುವವರನ್ನು ರಸಿಕತೆ ಇಲ್ಲದವರೆಂದು ಬದಿಗೊತ್ತುವುದೂ ಸರಿಯಲ್ಲ. ಪಕ್ಕಕ್ಕೆ ಗೀರಿದ ಇಂಜಿನ್ನಿಗೆ ಹಾದಿಯಲ್ಲಿ ಸಿಕ್ಕ ಯಾವ ಶೆಡ್ಡಿನಲ್ಲಾದರೂ ತೇಪೆ ಹಾಕಬಹುದು ಎಂಬುದು ದೊಡ್ಡ ಅನುಕೂಲ. ತೇಪೆ ಹಾಕದೆ ಬಿಟ್ಟ ಗೀರು ಕರಾವಳಿಯಲ್ಲಿ ವಾರದೊಳಗೆ ತುಕ್ಕು. ಆದರೆ ಶೆಡ್ಡಿಗೊಂದು ಬಣ್ಣ ಎಂಬ ನಮ್ಮ ಪದ್ಧತಿಗೆ ಇರುವ ಬೆಲೆಯೂ ಕಡಿಮೆಯದಲ್ಲ. ತಮ್ಮ ಶೆಡ್ಡಿನ ಬಣ್ಣ ಎಂಬ ಅಭಿಮಾನದಿಂದ ನೌಕರರು ಇಂಜಿನ್ನನ್ನು ಒರೆಸಿ ಇಡುತ್ತಾರೆ, ಒರೆಸುವಾಗ ಗುಳ್ಳೆ ಕಣ್ಣಿಗೆ ಬೀಳುತ್ತದೆ. ನಮ್ಮ ಒಲವು ಇಲ್ಲಿಗೆ: ಶೆಡ್ಡಿಗೊಂದು ಬಣ್ಣ ಇರಲಿ, ಆದರೆ ಎರಡೇ ಬಣ್ಣ, ಒಂದೇ ಪಟ್ಟೆ. ಪ್ರತಿ ಹೆಚ್ಚಿನ ಬಣ್ಣಕ್ಕೂ ಮತ್ತೊಮ್ಮೆ ಟೇಪು, ಮತ್ತೊಮ್ಮೆ ಒಣಗುವ ಕಾಯುವಿಕೆ, ಮತ್ತೊಂದು ಅಂಚು. ಪಟ್ಟೆಯ ಟೇಪನ್ನು ಬಣ್ಣ ಇನ್ನೂ ಅಂಟಂಟಾಗಿರುವಾಗಲೇ, ತನ್ನ ಮೇಲೇ ಮಡಚಿಕೊಂಡು ನಿಧಾನವಾಗಿ ಎಳೆಯಬೇಕು. ಪೂರ್ತಿ ಒಣಗಿದ ಮೇಲೆ ಎಳೆದರೆ ಅಂಚು ಹಲ್ಲು ಹಲ್ಲಾಗಿ ಹರಿಯುತ್ತದೆ, ಆ ಹಲ್ಲುಗಳ ನಡುವೆ ಕೊಳೆ ಕೂರುತ್ತದೆ.

ತೀರಾ ಬಿಳಿಯ ಇಂಜಿನ್ನಿನ ಬಗ್ಗೆ ಒಂದು ಮಾತು. ಬ್ರೇಕ್ ಹಿಡಿದಾಗ ಚಕ್ರದಿಂದ ಏಳುವ ಕಬ್ಬಿಣದ ಹುಡಿ ಪಕ್ಕದ ಬಣ್ಣಕ್ಕೆ ಬಂದು ನೆಡುತ್ತದೆ, ಮಳೆ ತಾಗಿದೊಡನೆ ಅಲ್ಲೇ ತುಕ್ಕು ಹಿಡಿದು ಕಂದು ಚುಕ್ಕಿಗಳಾಗುತ್ತವೆ. ಘಾಟಿ ಇಳಿದು ಬಂದ ಇಂಜಿನ್‌ಗಳಲ್ಲಿ ಹೆಚ್ಚು. ಇದು ತಗಡಿನ ತುಕ್ಕಲ್ಲ. ಉಗುರಿನಿಂದ ಸವರಿ ನೋಡಿ: ಚುಕ್ಕಿ ಮೇಲ್ಗಡೆ ಒರಟಾಗಿ ಕೂತಿದ್ದರೆ ಬ್ರೇಕ್ ಹುಡಿ, ಅಡಿಯಿಂದ ಉಬ್ಬಿದ್ದರೆ ತಗಡು ಕೊಳೆತಿದೆ. ಮೊದಲನೆಯದಕ್ಕೆ ತೆಳು ಆಕ್ಸಾಲಿಕ್ ಆಮ್ಲದ ತೊಳೆತ ಸಾಕು, ಆಮೇಲೆ ಧಾರಾಳ ನೀರು. ಗೊತ್ತಿಲ್ಲದೆ ಉಜ್ಜುಕಲ್ಲು ಹಾಕಿ ತಿಕ್ಕಿದರೆ ಚೆನ್ನಾಗಿದ್ದ ಬಣ್ಣವೂ ಹೋಗುತ್ತದೆ.

ಜಾಹೀರಾತಿನ ಹಾಳೆ ಹೊದಿಸುವುದನ್ನು ನಾವು ಕರಾವಳಿಯ ಹಳೆಯ ಇಂಜಿನ್‌ಗಳಿಗೆ ಒಪ್ಪುವುದಿಲ್ಲ. ವಿನೈಲ್ ಹಾಳೆಯ ಅಂಚು ರಿವೆಟ್ಟಿನ ಸುತ್ತ, ಬಾಗಿಲ ಸಂದಿನಲ್ಲಿ ಬೇಗ ಬಿಡುತ್ತದೆ. ಬಿಟ್ಟ ಕಡೆ ಉಪ್ಪುನೀರು ಒಳಸೇರಿ ಹೊರಗೆ ಕಾಣದಂತೆ ಕೊಳೆಸುತ್ತದೆ. ಬಣ್ಣದ ಮೇಲಾದರೆ ಗುಳ್ಳೆ ಎದ್ದು ದೂರು ಹೇಳುತ್ತದೆ. ಹಾಳೆ ಅದನ್ನು ಮುಚ್ಚಿಡುತ್ತದೆ.

ಬಣ್ಣಕ್ಕೆ ಅಂದಕ್ಕಿಂತ ದೊಡ್ಡ ಕೆಲಸವೊಂದುಂಟು, ಹಳಿಯ ಮೇಲೆ ದುಡಿಯುವ ಟ್ರ್ಯಾಕ್‌ಮನ್‌ಗಳಿಗೆ ದೂರದಿಂದ ಕಾಣುವುದು. ಬ್ರಿಟನ್ನಿನಲ್ಲಿ ಇಂಜಿನ್ನಿನ ಮೂತಿ ಹಳದಿ ಇರಲೇಬೇಕೆಂಬ ನಿಯಮ 2016ರವರೆಗೂ ಇತ್ತು, ಪ್ರಖರ ಹೆಡ್‌ಲೈಟ್ ಬಂದ ಮೇಲೆ ಸಡಿಲಿಸಿದರು. ಕೊಂಕಣ ದಾರಿಯ ಆಳದ ಕಣಿವೆ, ಸುರಂಗದ ಬಾಯಿ, ಜಡಿಮಳೆ ನೋಡಿದವರಿಗೆ ಕಡು ನೀಲಿ, ಕಡು ಹಸಿರು ಮೂತಿ ಏಕೆ ಬೇಡ ಎಂದು ವಿವರಿಸಬೇಕಿಲ್ಲ. ಈ ದಾರಿ 2022ರಲ್ಲಿ ಪೂರ್ತಿ ವಿದ್ಯುತ್ತಿಗೆ ತೆರೆದ ಮೇಲೆ ಇಂಜಿನ್ ಬರುವ ಸದ್ದೂ ಮೊದಲಿನಷ್ಟು ಮುಂಚೆ ಕೇಳುವುದಿಲ್ಲ. ಮೈಗೆ ಯಾವ ಬಣ್ಣವಾದರೂ ಇರಲಿ, ಮೂತಿ ಹಳದಿಯೋ ಕಿತ್ತಳೆಯೋ ಆಗಿರಲಿ.

ಡಬ್ಲ್ಯುಎಪಿ-4ರ ಬಗ್ಗೆ ಕೇಳುವವರಿದ್ದೀರಿ. 5,000 ಅಶ್ವಶಕ್ತಿಯ ಈ ಇಂಜಿನ್ ಎಕ್ಸ್‌ಪ್ರೆಸ್ ಕೆಲಸದಿಂದ ಹಿಂದೆ ಸರಿಯುತ್ತಿರುವುದಕ್ಕೆ ಅದರ ಶಕ್ತಿ ಒಂದೇ ಕಾರಣವಲ್ಲ, ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳಿಗೆ ಇಂಜಿನ್ನಿನಿಂದಲೇ ವಿದ್ಯುತ್ ಕೊಡುವ ಏರ್ಪಾಟು ಅದರಲ್ಲಿಲ್ಲ. ನಿಲ್ದಾಣ ನಿಲ್ದಾಣದಲ್ಲೂ ನಿಲ್ಲುವ, ಎ.ಸಿ. ಬೋಗಿಯಿಲ್ಲದ ಪ್ಯಾಸೆಂಜರ್ ಗಾಡಿಗೆ ಅದು ಅಡ್ಡಿಯೇ ಅಲ್ಲ. ಹಾಗಾಗಿ ಅದನ್ನು ಲೋಕಲ್ ಕೆಲಸಕ್ಕೆ ಉಳಿಸಿಕೊಳ್ಳಲಿ ಎಂಬ ಅಭಿಮಾನಿಗಳ ಮಾತು ಭಾವುಕತೆಯಲ್ಲ, ಲೆಕ್ಕಕ್ಕೆ ನಿಲ್ಲುವಂಥದ್ದು. ಎಲ್ಲ ನಿಲ್ದಾಣದಲ್ಲೂ ನಿಂತು ಹೊರಡುವುದರಿಂದ ಅದರ ಟ್ಯಾಪ್ ಚೇಂಜರಿನ, ಅಂದರೆ ಮೋಟರಿಗೆ ಹೋಗುವ ವೋಲ್ಟೇಜನ್ನು ಹಂತ ಹಂತವಾಗಿ ಬದಲಿಸುವ ಸಾಧನದ, ಸಂಪರ್ಕಗಳು ಬೇಗ ಸವೆಯುತ್ತವೆ, ಅಷ್ಟನ್ನು ಮುಂಚಿತವಾಗಿ ನೋಡಿಕೊಂಡರೆ ಆಯಿತು. ಹಳೆಯ ಇಂಜಿನ್ ಬೇರೆ ಊರಿಗೆ ಹೋಗಿ ಬಾಳುವುದೂ ಉಂಟು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟ್ರೈನ್ 2024ರಲ್ಲಿ ವಿದ್ಯುತ್ತಿಗೆ ಬದಲಾದ ಮೇಲೆ ಅದರ 19 ಡೀಸೆಲ್ ಇಂಜಿನ್, 90 ಬೋಗಿ ಪೆರುವಿನ ಲೀಮಾ ನಗರಕ್ಕೆ ಮಾರಾಟವಾದವು. ನಮ್ಮ ಡಬ್ಲ್ಯುಡಿಎಂ-3ಡಿ ಇಂಜಿನ್‌ಗಳೂ 2020ರಲ್ಲಿ 10, 2023ರಲ್ಲಿ 20 ಎಂಬಂತೆ ಬಾಂಗ್ಲಾದೇಶಕ್ಕೆ ಹೋಗಿವೆ.

ಕೊನೆಯದಾಗಿ, ಏನನ್ನು ಮುಟ್ಟಬಾರದು ಎಂಬುದು. ಕಾರ್ಖಾನೆಯ ಹೆಸರು, ವರ್ಷ ಇರುವ ಎರಕದ ಫಲಕವನ್ನು ಬಿಚ್ಚಿ ಸ್ವಚ್ಛ ಮಾಡಿ ಅದೇ ಜಾಗಕ್ಕೆ ಕೂರಿಸಬೇಕು, ಮೇಲೆಯೇ ಬಣ್ಣ ಬಳಿದು ಅಕ್ಷರ ಮುಚ್ಚಬಾರದು. ಹಿತ್ತಾಳೆ ಬೋಲ್ಟಿನ ಬದಲು ಸಿಕ್ಕ ಬೋಲ್ಟ್ ಹಾಕುವಾಗ ಅಡಿಗೆ ಪ್ಲಾಸ್ಟಿಕ್ ವಾಷರ್ ಇರಲಿ, ಎರಡು ಲೋಹ ಉಪ್ಪುನೀರಿನಲ್ಲಿ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಶ್ರೀಲಂಕಾದಲ್ಲಿ 1954ರಲ್ಲಿ ಕೆನಡಾದಿಂದ ಕೊಡುಗೆಯಾಗಿ ಬಂದ ಎಂ2 ಇಂಜಿನ್‌ಗಳಿಗೆ ಒಂಟಾರಿಯೋ, ಆಲ್ಬರ್ಟಾ ಎಂದು ಆ ದೇಶದ ಪ್ರಾಂತ್ಯಗಳ ಹೆಸರಿಟ್ಟರು, ಅಲ್ಲಿಯ ಜನ ಅವನ್ನು ಹೆಸರಿನಿಂದಲೇ ಗುರುತಿಸುತ್ತಾರೆ. ಸಂಖ್ಯೆಯೂ ಹಾಗೆಯೇ, ಮರುನಿರ್ಮಾಣದ ಮೇಲೆ ಬದಲಿಸಿದರೂ ಹಳೆಯ ಸಂಖ್ಯೆಯನ್ನು ಕ್ಯಾಬಿನ ಕೆಳಗೆ ಸಣ್ಣದಾಗಿ ಬರೆಯಲಿ. ವರ್ಕ್‌ಶಾಪಿನ ಹೆಸರು, ಓವರ್‌ಹಾಲ್ ದಿನಾಂಕದ ಜೊತೆಗೆ ಪ್ರೈಮರ್ ಮತ್ತು ಮೇಲಿನ ಬಣ್ಣದ ಹೆಸರು, ಬ್ಯಾಚ್ ಸಂಖ್ಯೆಯನ್ನೂ ಕ್ಯಾಬಿನ ಒಳಗೋಡೆಗೆ ಸ್ಟೆನ್ಸಿಲ್ ಮಾಡಿದರೆ ತೇಪೆ ಹಾಕುವವರಿಗೆ ಊಹೆಯ ಕೆಲಸ ತಪ್ಪುತ್ತದೆ.

ನೀವು ಫೋಟೋ ತೆಗೆಯುವಾಗ ಮುಕ್ಕಾಲು ಮೂತಿಯ ಚಂದದ ಚಿತ್ರದ ಜೊತೆಗೆ ಇನ್ನೊಂದು ತೆಗೆಯಿರಿ, ಪ್ಲಾಟ್‌ಫಾರ್ಮಿನಲ್ಲೇ ನಿಂತು: ಬಾಗಿಲುಗಳ ಕೆಳ ಅಂಚಿನ ಸಾಲು, ನೇರ ಎದುರಿನಿಂದ, ದಿನಾಂಕ ಸಮೇತ. ಮೇ ಕೊನೆಗೆ ಒಂದು, ಅಕ್ಟೋಬರಿಗೆ ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾವ ಬಣ್ಣ ಮಳೆಗಾಲ ದಾಟಿತು, ಯಾವುದು ದಾಟಲಿಲ್ಲ ಎಂದು ಗೊತ್ತಾಗುತ್ತದೆ.